ಮೂರು ಭಿಂಗ, ನಾಲ್ಕು ಭಿಂಗ

ಸೋಲಾಪುರದ ವಿಜಾಪುರ ರಸ್ತೆಯ ಕಲ್ಯಾಣಪ್ಪನವರು ಯಾರ ಫೋಟೋ ತೆಗೆದರೂ ಎರಡು ಸಲ ತೆಗೆಯುವವರು. ಮೊದಲನೆಯದು ಮುಗಿಯಿತೆಂದು ಎದುರಿಗಿದ್ದವರು ಮೈ ಸಡಿಲು ಬಿಡುವಷ್ಟರಲ್ಲಿ, ಮಿಸುಕಬೇಡಿರೆಂದು ಕೈ ಎತ್ತಿ, ಕೊರಳಿನ ಕ್ಯಾಮೆರಾ ಇಳಿಸಿ, ಹೆಗಲ ಚೀಲದಿಂದ ಇನ್ನೊಂದನ್ನು ಹೊರಗೆ ತೆಗೆದು, ಅದೇ ಜಾಗದಲ್ಲಿ ನಿಂತು, ಟೇಪು ಹಿಡಿದು ಅದೇ ಅಂತರ ಅಳೆದು, ಮತ್ತೊಂದು ತೆಗೆಯುವರು. ಅಷ್ಟು ಹೊತ್ತು ನಗುವನ್ನು ಮುಖದ ಮೇಲೆ ನಿಲ್ಲಿಸಿಕೊಳ್ಳುವುದು ಯಾವ ಮನುಷ್ಯನಿಂದ ಆದೀತು? ಹೀಗಾಗಿ ಅವರ ಮನೆಯ ಆಲ್ಬಮ್ಮಿನಲ್ಲಿ ಬೀಗರು, ನೆಂಟರು, ನೆರೆಯವರು ಎಲ್ಲರೂ ಜೋಡಿ ಜೋಡಿಯಾಗಿ ಇದ್ದಾರೆ. ಎಡಗಡೆ ನಗುತ್ತಿರುವವರು, ಬಲಗಡೆ ಅವರೇ ಬೇಸತ್ತು ನಿಂತಿರುವವರು. ಚಾದರ ವ್ಯಾಪಾರದ ಗೆಳೆಯರು ಅವರಿಗೆ ‘ಜೋಡಿ ಫೋಟೋ’ ಎಂದು ಹೆಸರಿಟ್ಟು ಮೂವತ್ತು ವರ್ಷವಾಯಿತು. ಅವರೂ ಆ ಹೆಸರಿಗೆ ಓಗೊಡುತ್ತಾರೆ.

ಎರಡು ಸಲ ಏಕೆಂದರೆ ಅವರ ಹತ್ತಿರ ಎರಡು ಕ್ಯಾಮೆರಾ. ಎರಡೂ ಜರ್ಮನಿಯವು, ಎರಡೂ ಮಡಚುವ ಜಾತಿಯವು. ಮುಚ್ಚಿದರೆ ಕೋಟಿನ ಜೇಬಿಗೆ ಇಳಿಯುತ್ತವೆ. ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ತೆರೆದು, ಕಮ್ಮಾರನ ತಿದಿಯಂಥ ಕಪ್ಪು ಮಡಿಕೆಗಳು ಹೊರಗೆ ಬಂದು, ತುದಿಗೆ ಗಾಜಿನ ಕಣ್ಣು ನಿಲ್ಲುತ್ತದೆ. ಅಗಲವಾದ ಕಪ್ಪು-ಬಿಳುಪಿನ ರೋಲು, ಒಂದು ರೋಲಿಗೆ ಹನ್ನೆರಡೇ ಚೌಕ ಚಿತ್ರ. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು, ವ್ಯತ್ಯಾಸವೆಲ್ಲ ಕಣ್ಣಿನಲ್ಲಿ. ಒಂದರ ಲೆನ್ಸಿನೊಳಗೆ ಮೂರು ಗಾಜು, ಇನ್ನೊಂದರಲ್ಲಿ ನಾಲ್ಕು. ಸೋಲಾಪುರದ ಕನ್ನಡಿಗರು ಮರಾಠಿಯವರಿಂದ ಪಡೆದು ಲೆನ್ಸಿಗೆ ಭಿಂಗ ಎನ್ನುತ್ತಾರೆ. ಅದಕ್ಕೆ ಮನೆಮಂದಿಯ ಬಾಯಲ್ಲಿ ಅವು ಮೂರು ಭಿಂಗದ್ದು, ನಾಲ್ಕು ಭಿಂಗದ್ದು.

ಮೂರು ಭಿಂಗದ್ದು ಅಪ್ಪನದು. ಅಪ್ಪ ಬಸಣ್ಣ ಅಕ್ಕಲಕೋಟದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಿಲ್ಲಿನ ಸಾಹೇಬನೊಬ್ಬ ಸೋಲಾಪುರ ಬಿಟ್ಟು ಹೋಗುವಾಗ ಅವನಿಂದ ಕೊಂಡ ಕ್ಯಾಮೆರಾ ಅದು. ವಾರದ ಸಂತೆಗೆಂದು ಹಳ್ಳಿಗೆ ಹೊರಟರೆ ಬಟ್ಟೆಯ ಗಂಟು ಕೆಳಗೆ, ಕ್ಯಾಮೆರಾ ಮೇಲೆ. ಕುಂಭಾರಿಯ ಕುರಿಗಾರ ಹಣಮಂತಪ್ಪ ತನ್ನ ಟಗರನ್ನು ಬಿಟ್ಟು ಒಬ್ಬನೇ ಫೋಟೋಕ್ಕೆ ನಿಲ್ಲಲು ಒಪ್ಪಲಿಲ್ಲ. ಹಣೆಗೆ ಬೀರೋಬ ದೇವರ ಅರಿಶಿನದ ಭಂಡಾರ, ಹೆಗಲಿಗೆ ಕಂಬಳಿ, ಪಕ್ಕಕ್ಕೆ ಟಗರು, ಮೂರನ್ನೂ ಒಂದೇ ಚೌಕದಲ್ಲಿ ಕೂಡಿಸಿ ಬಸಣ್ಣ ತೆಗೆದ ಚಿತ್ರ ಇವತ್ತಿಗೂ ಆ ಮನೆಯ ಗೋಡೆಯ ಮೇಲಿದೆ. ಹಣಮಂತಪ್ಪನಿಗಿಂತ ಟಗರೇ ಚೆನ್ನಾಗಿ ಬಂದಿದೆ ಎಂದು ಊರವರ ಅಭಿಪ್ರಾಯ. ಬಸಣ್ಣನವರಿಗೆ ತಮ್ಮ ಕ್ಯಾಮೆರಾಕ್ಕೆ ಭಿಂಗ ಎಷ್ಟೆಂದೇ ಗೊತ್ತಿರಲಿಲ್ಲ. ನಿಂತವರು ಮಿಸುಕದಿದ್ದರೆ ಸಾಕು ಎಂಬುದಷ್ಟೇ ಅವರ ಶಾಸ್ತ್ರ.

ನಾಲ್ಕು ಭಿಂಗದ್ದು ಕಲ್ಯಾಣಪ್ಪನವರ ಸ್ವಂತ ಗಳಿಕೆ. ಪುಣೆಯಲ್ಲೊಂದು ಹಳೆಯ ಸ್ಟುಡಿಯೋ ಬಾಗಿಲು ಹಾಕುವಾಗ ಹೋಗಿ ತಂದದ್ದು. ಅವತ್ತಿನಿಂದ ಶುರುವಾಯಿತು ಈ ಜೋಡಿಯ ಚಟ. ನಾಲ್ಕು ಗಾಜಿನದು ಅಂಚಿನಿಂದ ಅಂಚಿಗೆ ಖಡಕ್ಕಾಗಿರುತ್ತದೆ, ಮೂರು ಗಾಜಿನದು ನಡುವೆ ಚೆಂದ, ಮೂಲೆಯಲ್ಲಿ ಮೆತ್ತಗೆ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಕಲ್ಯಾಣಪ್ಪನವರೂ ಬಾಯಿಂದ ಹಾಗೇ ಹೇಳುತ್ತಿದ್ದರು. ಆದರೆ ಭಿಂಗದ ಕಂಡಿಯನ್ನು ಸಣ್ಣದು ಮಾಡಿ ತೆಗೆದರೆ ಎರಡರ ಚಿತ್ರವೂ ಒಂದೇ ಥರ. ಪೂರ್ತಿ ಅಗಲ ತೆರೆದು ತೆಗೆದಾಗಲೇ ನಿಜ ಬಣ್ಣ ಬಯಲಾಗುವುದು. ಅವರು ಒಂದು ದಿನವೂ ಪೂರ್ತಿ ತೆರೆದು ತೆಗೆದವರಲ್ಲ. ಯಾರು ಗೆದ್ದರೆಂದು ತಿಳಿದುಬಿಟ್ಟರೆ ಆಮೇಲೆ ಭಾನುವಾರ ಏನು ಮಾಡುವುದು ಎಂಬುದು ಅವರ ಅಂಜಿಕೆ ಎಂದು ಹೆಂಡತಿ ಗಂಗುಬಾಯಿ ನಗುತ್ತಿದ್ದಳು. ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಇಂಥ ನೆಮ್ಮದಿಯ ಮನುಷ್ಯನಿಗೆ ಅರವತ್ತೇಳನೆಯ ವಯಸ್ಸಿನಲ್ಲಿ ಒಂದು ಇಕ್ಕಟ್ಟು ಬಂತು. ಬಂದದ್ದು ದೀಪಾವಳಿಯ ಫರಾಳ ತಿನ್ನುವಾಗ, ಅದೂ ತಮ್ಮನ ಬಾಯಿಂದ.

ತಮ್ಮ ಕಾಂತೇಶ ಅವರಿಗಿಂತ ಐದು ವರ್ಷ ಸಣ್ಣವನು. ಅಕ್ಕಲಕೋಟದಲ್ಲಿ ಅಪ್ಪನ ಅಂಗಡಿಯನ್ನೇ ನಡೆಸಿ, ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರಿಗೆ ಚಾದರ ಮಾರಿ, ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟು ಕೈ ಖಾಲಿ ಮಾಡಿಕೊಂಡಿದ್ದ. ಕೈ ಖಾಲಿಯಾದವನಿಗೆ ಹಳೆಯದೆಲ್ಲ ನೆನಪಾಗುತ್ತದೆ. ಚಕ್ಕುಲಿ ಮುರಿಯುತ್ತ, ಮುಖದ ತುಂಬ ನಗು ಇಟ್ಟುಕೊಂಡು ಹೇಳಿದ: "ಅಣ್ಣಾ, ಅಪ್ಪಂದ ಕ್ಯಾಮೆರಾ ಮಾತ್ರ ವಾಟ್ನ್ಯಾಗ ಬಂದಿದ್ದಿಲ್ಲ ನೋಡು."

ವಾಟ್ನಿ ಎಂದರೆ ಪಾಲು. ಇಪ್ಪತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಪಾಲು ಒಂದೇ ಮಧ್ಯಾಹ್ನದಲ್ಲಿ ಮುಗಿದಿತ್ತು. ಮನೆತನದ ಕಟ್ಟಳೆ ಸರಳ. ದೊಡ್ಡವನು ಎರಡು ಪಾಲು ಮಾಡಬೇಕು, ಯಾವುದರಲ್ಲಿ ಏನು ಗುಣ, ಏನು ಐಬು ಎಂದು ಬಾಯಿ ಬಿಟ್ಟು ಹೇಳಬೇಕು; ಸಣ್ಣವನು ಮೊದಲು ಆರಿಸಬೇಕು. ಯಾವುದು ತನ್ನ ಪಾಲಿಗೆ ಬರುತ್ತದೋ ಗೊತ್ತಿಲ್ಲದ ದೊಡ್ಡವನು ಎರಡನ್ನೂ ಸಮ ಮಾಡಿಯೇ ಮಾಡುತ್ತಾನೆ. ಹೀಗೆ ಸೋಲಾಪುರದ ಅಂಗಡಿ, ಅಕ್ಕಲಕೋಟದ ಅಂಗಡಿ, ಹಿತ್ತಾಳೆಯ ಹಂಡೆ, ಅವ್ವನ ತೊಟ್ಟಿಲು ಎಲ್ಲ ಪಾಲಾದವು. ಕ್ಯಾಮೆರಾ ಮಾತ್ರ ಆ ಮಧ್ಯಾಹ್ನವೂ ಕಲ್ಯಾಣಪ್ಪನವರ ಕೊರಳಲ್ಲೇ ಇತ್ತು, ಪಾಲಿನ ಫೋಟೋ ತೆಗೆಯಲೆಂದು. ಕೊರಳಲ್ಲಿದ್ದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ತಮ್ಮ ಕೇಳಿದ್ದು ಚೇಷ್ಟೆಗೆ ಇರಬಹುದು. ಅಣ್ಣನ ಎದೆಗೆ ಮಾತ್ರ ಅದು ನೆಟ್ಟಿತು. ಅದು ನಿಜವಾಗಿತ್ತು, ಅದೇ ಕಷ್ಟ. ಆ ಕ್ಯಾಮೆರಾ ಬಿಟ್ಟುಕೊಡುವುದೆಂದರೆ ಕಲ್ಯಾಣಪ್ಪನವರಿಗೆ ಅಪ್ಪನನ್ನೇ ಬಿಟ್ಟುಕೊಟ್ಟಂತೆ. ಬಿಟ್ಟುಕೊಡದಿರುವುದೆಂದರೆ ತಮ್ಮನ ಪಾಲನ್ನು ನುಂಗಿದಂತೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿರಬೇಕು. ಮೂರು ದಿನ ವಿಚಾರ ಮಾಡಿ, ಒಂದನ್ನು ಎರಡು ಪಾಲು ಮಾಡಲಿಕ್ಕೆ ಬಾರದೆಂದು, ತಮ್ಮ ಸ್ವಂತದ ನಾಲ್ಕು ಭಿಂಗದ್ದನ್ನೂ ಪಾಲಿಗೆ ಹಾಕಿದರು. ಈಗ ಎರಡು ಕ್ಯಾಮೆರಾ, ಇಬ್ಬರು ಅಣ್ಣತಮ್ಮಂದಿರು. ಕಾಂತೇಶ ವ್ಯಾಪಾರಸ್ಥ, ಒಳ್ಳೆಯದು ಯಾವುದೆಂದರೆ ಅದನ್ನೇ ಎತ್ತಿಕೊಳ್ಳುವವನು. ನಾಲ್ಕು ಭಿಂಗದ್ದು ಒಳ್ಳೆಯದೆಂದು ಜಗತ್ತೇ ಹೇಳುತ್ತದೆ. ಅದನ್ನು ಅವನು ಒಯ್ಯುತ್ತಾನೆ, ಅಪ್ಪನದು ತನ್ನಲ್ಲೇ ಉಳಿಯುತ್ತದೆ. ಹೀಗೆ ಮನಸ್ಸಿನಲ್ಲೇ ಮಂಡಿಗೆ ತಿಂದರು.

ಆದರೆ ಗುಣ, ಐಬು ಬಾಯಿ ಬಿಟ್ಟು ಹೇಳಬೇಕಲ್ಲ. ಜಗತ್ತು ಹೇಳುತ್ತದೆ ಎಂದು ಹೇಳಿದರೆ ನಡೆಯುವುದಿಲ್ಲ. ಗಿರಾಕಿಗೆ ಚಾದರ ತೋರಿಸುವಾಗಲೂ ಕಲ್ಯಾಣಪ್ಪನವರು ಎಲ್ಲಿ ಎಳೆ ಜಾರಿದೆ ಎಂದು ತಾವೇ ಬೆರಳಿಟ್ಟು ತೋರಿಸಿದವರು. ತಮ್ಮನಿಗೆ ಅಂದಾಜಿನ ಮಾತು ಹೇಳುವುದುಂಟೆ? ಮೂವತ್ತು ವರ್ಷ ಮುಂದೂಡಿದ ಪರೀಕ್ಷೆಯನ್ನು ಮಾಡದೆ ಗತಿಯಿರಲಿಲ್ಲ.

ಪರೀಕ್ಷೆಗೆ ಅವರು ಹುಡುಕಿದ ಸಾಮಾನು ಯಾವ ಫೋಟೋಗ್ರಾಫರನೂ ಹುಡುಕುವಂಥದ್ದಲ್ಲ. ಮಾಳಿಗೆಯ ಗೋಡೆಗೆ ಒಂದು ಸೋಲಾಪುರಿ ಚಾದರ ತೂಗುಹಾಕಿದರು. ಒಂದು ಇಂಚಿನಲ್ಲಿ ಎಷ್ಟು ಎಳೆ ಎಂದು ಅವರಿಗೆ ಬಾಯಿಪಾಠ. ಪೂರ್ತಿ ಕಂಡಿ ತೆರೆದು ಅದರ ಫೋಟೋ ತೆಗೆಯುವುದು, ಆಮೇಲೆ ನೆಗೆಟಿವ್ ಮೇಲೆ ಎಳೆ ಎಣಿಸುವುದು. ನಡುವೆಯೂ ಮೂಲೆಯಲ್ಲಿಯೂ ಎಳೆ ಬಿಡಿಬಿಡಿಯಾಗಿ ಕಂಡರೆ ಆ ಭಿಂಗ ಗೆದ್ದಿತು, ಗಂಜಿ ಹಾಕಿದ ಹಾಗೆ ಒಂದಕ್ಕೊಂದು ಅಂಟಿಕೊಂಡರೆ ಸೋತಿತು. ಎಣಿಸಲಿಕ್ಕೆ ಅಂಗಡಿಯ ಹಿತ್ತಾಳೆ ಭಿಂಗ ಇದ್ದೇ ಇತ್ತು. ಬಟ್ಟೆಯ ಮೇಲಿಟ್ಟು ಎಳೆ ಎಣಿಸುವ, ಮಡಚಿ ಜೇಬಿಗೆ ಹಾಕುವ ಪುಟ್ಟ ಸಾಧನ.

ಎರಡು ಕ್ಯಾಮೆರಾ, ಎರಡು ರೋಲು. ತೊಳೆಯುವಾಗ ಎರಡೂ ಒಂದೇ ಡಬ್ಬಿಯಲ್ಲಿ, ಯಾವುದು ಯಾವುದರದೆಂದು ತಿಳಿಯುವುದು ಹೇಗೆ? ಕಾಲೇಜಿಗೆ ಹೋಗುವ ಮೊಮ್ಮಗಳು ಪ್ರಾಜಕ್ತಾ, ಚೀಟಿ ಬರೆದು ಗೋಡೆಗೆ ಅಂಟಿಸಿ ತೆಗೆಯಿರಿ ಎಂದಳು. ಕಲ್ಯಾಣಪ್ಪನವರು ನಕ್ಕುಬಿಟ್ಟರು. ಚಾದರದವನಿಗೆ ಚೀಟಿ ಬೇಕೆ? ಸೋಲಾಪುರಿ ಚಾದರಕ್ಕೆ ಎರಡು ಮೈ. ಸುಲಟ ಬಾಜು ನೋಡಿದರೆ ಕಡುಕೆಂಪು ನೆಲದ ಮೇಲೆ ಬಿಳಿ ಹೂ, ತಿರುವಿ ಉಲಟ ಬಾಜು ನೋಡಿದರೆ ಬಿಳಿ ನೆಲದ ಮೇಲೆ ಕಡುಕೆಂಪು ಹೂ. ಅಪ್ಪನ ಕ್ಯಾಮೆರಾಕ್ಕೆ ಸುಲಟ, ಸ್ವಂತದ ನಾಲ್ಕು ಭಿಂಗದ್ದಕ್ಕೆ ಉಲಟ. ಇದಕ್ಕಿಂತ ದೊಡ್ಡ ಗುರುತು ಯಾವುದಿದ್ದೀತು ಎಂದು ಮೊಮ್ಮಗಳಿಗೆ ಪಾಠ ಹೇಳಿ, ಒಂದು ರೋಲು ಮುಗಿಸಿ, ಚಾದರ ತಿರುವಿ ಹಾಕಿ, ಇನ್ನೊಂದು ರೋಲು ಮುಗಿಸಿದರು.

ಮರುದಿನ ನೆಗೆಟಿವ್ ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು, ಹಿತ್ತಾಳೆ ಭಿಂಗ ಕಣ್ಣಿಗೆ ಒತ್ತಿಕೊಂಡು ಕುಳಿತರು. ಬಿಳಿ ನೆಲದ ಪಟ್ಟಿಯಲ್ಲಿ ಎಳೆಗಳು ಮೂಲೆಯ ತನಕ ಬಿಡಿಬಿಡಿಯಾಗಿ ನಿಂತಿದ್ದವು. ಕಪ್ಪು ನೆಲದ ಪಟ್ಟಿಯಲ್ಲಿ ನಡುವೆ ಸರಿ, ಮೂಲೆಗೆ ಹೋದಂತೆ ಗಂಜಿ. ಬಿಳಿ ನೆಲ ಎಂದರೆ ಉಲಟ, ಉಲಟ ಎಂದರೆ ನಾಲ್ಕು ಭಿಂಗ. ಜಗತ್ತು ಹೇಳಿದ್ದೇ ಸರಿ. ಪಟ್ಟಿಗಳನ್ನು ಎರಡು ಕಾಗದದ ಲಕೋಟೆಗೆ ಹಾಕಿ, ಒಂದರ ಮೇಲೆ ‘ಅಪ್ಪಂದು’, ಇನ್ನೊಂದರ ಮೇಲೆ ‘ನಂದು’ ಎಂದು ದಪ್ಪ ಅಕ್ಷರದಲ್ಲಿ ಬರೆದರು. ಅಪ್ಪನ ಕ್ಯಾಮೆರಾ ಸೋತಿತೆಂದು ಸ್ವಲ್ಪ ಕೆಡುಕೆನಿಸಿತು. ಅದಕ್ಕಿಂತ ಹೆಚ್ಚು ಹಾಯೆನಿಸಿತು. ಅಪ್ಪ ಸೋತದ್ದಕ್ಕೆ ಹಿಗ್ಗಿದ ಮಗ ತಾನೊಬ್ಬನೇ ಇರಬೇಕೆಂದು ನಾಚಿಕೊಂಡರು ಕೂಡ.

ಅಕ್ಕಲಕೋಟದಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟು, ಅಣ್ಣ ಎರಡರ ಗುಣ, ಐಬು ಒಂದೂ ಬಿಡದೆ ಹೇಳಿದರು. ನಾಲ್ಕು ಭಿಂಗದ್ದು ಮೂಲೆಯ ತನಕ ಖಡಕ್, ಅಪ್ಪನದು ಮೂಲೆಯಲ್ಲಿ ಮೆತ್ತಗೆ, ಬೇಕಾದರೆ ನೀನೇ ಎಣಿಸು ಎಂದು ಪಟ್ಟಿಗಳನ್ನೂ ಹಿತ್ತಾಳೆ ಭಿಂಗವನ್ನೂ ಕೈಗೆ ಕೊಟ್ಟರು. ಕಾಂತೇಶ ಕಿಟಕಿಗೆ ಹೋಗಿ ಬಹಳ ಹೊತ್ತು ನೋಡಿದ. ಯಾವುದು ಯಾವುದರದೆಂದು ಹೇಗೆ ಗುರುತು ಹಿಡಿದೆ ಎಂದು ಕೇಳಿದ. ಸುಲಟ, ಉಲಟದ ಉಪಾಯವನ್ನು ಅಣ್ಣ ಹೆಮ್ಮೆಯಿಂದ ವಿವರಿಸಿದರು. ಕಾಂತೇಶ ಇನ್ನೊಮ್ಮೆ ಪಟ್ಟಿ ಎತ್ತಿ ಬೆಳಕಿಗೆ ಹಿಡಿದ, ಇಳಿಸಿದ, ಅಣ್ಣನ ಕಡೆ ನೋಡಿದ. ಆಮೇಲೆ ನಾಲ್ಕು ಭಿಂಗದ್ದನ್ನು ಎತ್ತಿಕೊಂಡು, ಇದು ನನಗಿರಲಿ ಎಂದ. ಅವನ ಹೆಂಡತಿ ನಂದಾ ಎಲೆ ಹಾಕಿದಳು. ಕಲ್ಯಾಣಪ್ಪನವರು ಅವತ್ತು ಉಂಡ ಊಟವನ್ನು ನಂದಾ ಇನ್ನೂ ನೆನೆಯುತ್ತಾಳೆ, ನಾಲ್ಕು ಹೋಳಿಗೆಯಂತೆ.

ಮುಂದಿನ ನಾಲ್ಕು ತಿಂಗಳು ಅವರ ಜೀವನದ ಸುಖದ ದಿನಗಳೆಂದರೆ ತಪ್ಪಾಗದು. ಕೊರಳಲ್ಲಿ ಅಪ್ಪನ ಕ್ಯಾಮೆರಾ, ಅದೂ ನ್ಯಾಯವಾಗಿ ಪಾಲಿಗೆ ಬಂದದ್ದು. ಈಗ ಪೂರ್ತಿ ಕಂಡಿ ತೆರೆದು ಕಂದಲಗಾಂವದ ಹೊಲಗಳಲ್ಲಿ ಜೋಳ ಕೊಯ್ಯುವವರ ಮುಖ ತೆಗೆದರು, ಸಂಜೆಯ ಬೆಳಕಿನಲ್ಲಿ ಕುರಿ ಹಿಂಡು ತೆಗೆದರು. ಚಿತ್ರ ನೋಡಿದಾಗ ಮೂಲೆಯಲ್ಲೂ ಚೆನ್ನಾಗಿಯೇ ಬಂದಿದೆಯಲ್ಲ ಎನ್ನಿಸುತ್ತಿತ್ತು. ಪ್ರೀತಿಯ ಕಣ್ಣು ಹಾಗೇ ಕಾಣುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಪ್ರಾಜಕ್ತಾಳ ಕೈಯಿಂದ. ಹುಡುಗಿ ಅಜ್ಜನ ನೆಗೆಟಿವ್‌ಗಳನ್ನೆಲ್ಲ ಫೋನಿಗೆ ಇಳಿಸಿ, ಎರಡು ಹೊಸ ಫೈಲಿನಲ್ಲಿ ಜೋಡಿಸುವ ಕೆಲಸ ಹಿಡಿದಿದ್ದಳು. ಮನೆಯಲ್ಲಿ ಕನ್ನಡ ಹರಳು ಹುರಿದ ಹಾಗೆ ಮಾತಾಡುತ್ತಾಳೆ. ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಬಾರದು. ಲಕೋಟೆಯ ಮೇಲೆ ಅಜ್ಜ ಬರೆದ ‘ಅಪ್ಪಂದು’, ‘ನಂದು’ ಅವಳ ಪಾಲಿಗೆ ಬರಿಯ ಗೀಟುಗಳು. ಅದಕ್ಕೆ ಅವಳು ಲಕೋಟೆ ನೋಡದೆ ಚಿತ್ರವನ್ನೇ ನೋಡಿ, ಅಜ್ಜ ಅವತ್ತು ಮಾಳಿಗೆಯಲ್ಲಿ ಹೇಳಿದ ಪಾಠದಂತೆ ಸುಲಟವನ್ನು ಪಣಜ್ಜ ಬಸಣ್ಣನ ಫೈಲಿಗೂ ಉಲಟವನ್ನು ಅಜ್ಜನ ಫೈಲಿಗೂ ಹಾಕಿದಳು. ಕಲ್ಯಾಣಪ್ಪನವರು ತೆರೆದು ನೋಡಿದರೆ ಪಟ್ಟಿಗಳು ಅದಲುಬದಲಾಗಿದ್ದವು. ಕನ್ನಡ ಕಲಿಯದಿದ್ದರೆ ಹೀಗೇ ಆಗುವುದು ಎಂದು ರೇಗಿದರು.

ಪ್ರಾಜಕ್ತಾ ಫೋನನ್ನು ಅವರ ಮುಂದೆ ಹಿಡಿದಳು. ಫೋನು ನೆಗೆಟಿವ್ ಅನ್ನು ತಿರುವಿ ನಿಜವಾದ ಚಿತ್ರ ಮಾಡಿ ತೋರಿಸುತ್ತಿತ್ತು. ‘ನಂದು’ ಲಕೋಟೆಯ ಪಟ್ಟಿಯಲ್ಲಿ ಕಪ್ಪಾಗಿ ಬಂದ ಕಡುಕೆಂಪು ನೆಲ, ಬಿಳಿ ಹೂ.

"ಇದು ಸುಲಟ ಬಾಜು ಅಲ್ಲೇನ್ರಿ ಅಜ್ಜಾ? ನೆಗೆಟಿವದಾಗ ಎಲ್ಲಾ ಉಲಟನ ಕಾಣ್ತದಲ್ಲ."

ಕಲ್ಯಾಣಪ್ಪನವರು ಕೂತಲ್ಲೇ ಕೂತರು. ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ, ಇದು ಕ್ಯಾಮೆರಾ ಹಿಡಿದ ಮೊದಲ ದಿನ ಕಲಿತ ಪಾಠ. ಬೇರೆ ಯಾರ ಫೋಟೋ ಆಗಿದ್ದರೂ ತಪ್ಪುತ್ತಿರಲಿಲ್ಲ. ಆದರೆ ಎಳೆ ಎಣಿಸುವ ಭಿಂಗ ಕಣ್ಣಿಗೆ ಒತ್ತಿದ ಗಳಿಗೆಯಲ್ಲಿ ಅವರು ಫೋಟೋಗ್ರಾಫರ ಆಗಿರಲಿಲ್ಲ, ಚಾದರ ವ್ಯಾಪಾರಿಯಾಗಿದ್ದರು. ಬಿಳಿ ನೆಲ ಕಂಡಿತು, ಉಲಟ ಎಂದು ಕಣ್ಣು ಒಪ್ಪಿತು, ಕೈ ತಾನಾಗಿ ‘ನಂದು’ ಎಂದು ಬರೆಯಿತು. ನಲವತ್ತೈದು ವರ್ಷ ಚಾದರ ಮಾರಿದ ಕಣ್ಣೇ ಮೋಸ ಮಾಡಿತ್ತು. ಮೂಲೆಯ ತನಕ ಎಳೆ ಬಿಡಿಸಿ ತೋರಿಸಿದ್ದು ಅಪ್ಪನ ಮೂರು ಭಿಂಗ. ಗಂಜಿ ಮಾಡಿದ್ದು ತನ್ನ ನಾಲ್ಕು ಭಿಂಗ. ಪುಣೆಯ ಸ್ಟುಡಿಯೋದಲ್ಲಿ ಯಾರೋ ಬಿಚ್ಚಿ ಮತ್ತೆ ಕೂಡಿಸುವಾಗ ಒಂದು ಗಾಜು ಓರೆಯಾಗಿದ್ದಿರಬೇಕು.

ಅಪ್ಪ ಗೆದ್ದಿದ್ದರು. ಆ ಹಿಗ್ಗು ಎದೆಗೆ ಬರುವ ಮೊದಲೇ ಇನ್ನೊಂದು ಬಂತು. ತಮ್ಮನಿಗೆ ಹೇಳಿದ ಗುಣ, ಐಬು ಎಲ್ಲ ತಲೆಕೆಳಗಾಗಿತ್ತು. ಒಳ್ಳೆಯದೆಂದು ಹೇಳಿ ಓರೆ ಗಾಜಿನದನ್ನು ಅವನಿಗೆ ದಾಟಿಸಿ, ಒಳ್ಳೆಯದನ್ನು ತಾನು ಇಟ್ಟುಕೊಂಡಂತಾಯಿತು. ಈಗ ಹೋಗಿ ನಿಜ ಹೇಳಿದರೆ ಪಾಲು ಮತ್ತೆ ಆಗಬೇಕು. ಮತ್ತೆ ಆದರೆ ಕಾಂತೇಶ ಅಪ್ಪನದನ್ನೇ ಎತ್ತುತ್ತಾನೆ. ಹೇಳದೆ ಇದ್ದರೆ 'ನಂದು' ಎಂದು ಬರೆದ ಆ ಲಕೋಟೆಯ ವಿಷಯ ಮನೆಯ ಗೋಡೆ ದಾಟುವುದಿಲ್ಲ.

ಎಂಟು ದಿನ ಅವರು ತಮ್ಮೊಂದಿಗೇ ವಕೀಲಿ ನಡೆಸಿದರು. ಮುಗಿದ ಪಾಲನ್ನು ಕೆದಕಬಾರದು ಎಂದು ಒಂದು ದಿನ. ಕಾಂತೇಶ ಆ ಕ್ಯಾಮೆರಾದಿಂದ ಖುಷಿಯಾಗಿದ್ದಾನೆ, ಖುಷಿಯಾಗಿದ್ದವನ ತಲೆ ಕೆಡಿಸುವುದು ಪಾಪ ಎಂದು ಇನ್ನೊಂದು ದಿನ. ನಾಲ್ಕು ಭಿಂಗದ್ದು ನನ್ನ ಸ್ವಂತದ್ದೇ, ಅದನ್ನು ಕೊಟ್ಟದ್ದೇ ಹೆಚ್ಚು ಎಂದು ಮೂರನೆಯ ದಿನ. ವಾದಗಳೆಲ್ಲವೂ ಸರಿಯಾಗಿದ್ದವು. ಆದರೂ ಆ ಭಾನುವಾರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ, ತೆಗೆದಿಟ್ಟು ಒಳಗೆ ಬಂದರು. ಕಳವಿನ ಮಾಲು ಹೊತ್ತು ತಿರುಗಿದ ಹಾಗೆ ಆಗುತ್ತಿತ್ತು.

ಗಂಗುಬಾಯಿಗೆ ಮೊದಲ ದಿನವೇ ಎಲ್ಲ ಹೇಳಿದ್ದರು. ಆಕೆ ಅವರ ವಕೀಲಿ ಮುಗಿಯಲೆಂದು ಕಾದಳು. ಎಂಟನೆಯ ದಿನ ಬೆಳಿಗ್ಗೆ ಹುರಿದ ಶೇಂಗಾ ಮುಂದಿಟ್ಟುಕೊಂಡು ಕೇಳಿದಳು: "ಅಕ್ಕಲಕೋಟಕ್ಕ ಹೋಗೂದಿದ್ರ ಹೇಳ್ರಿ, ಚಟ್ನಿ ಕುಟ್ಟತೀನಿ. ಹೋಗೂದಿಲ್ಲಂದ್ರ ನನ್ನ ಕೈಗೆ ಯಾಕ ತ್ರಾಸ?"

ಕಲ್ಯಾಣಪ್ಪನವರು ಕುಟ್ಟು ಎಂದರು.

ಎಸ್.ಟಿ. ಬಸ್ಸು ಕುಂಭಾರಿ ದಾಟುವಾಗ ಎಡಗಡೆಯ ಹೊಲದಲ್ಲಿ ಕುರಿ ಹಿಂಡು ಕುಳಿತಿತ್ತು. ಬೇರೆ ದಿನವಾಗಿದ್ದರೆ ಇಳಿದು ಒಂದು ಚಿತ್ರ ತೆಗೆದೇ ಮುಂದೆ ಹೋಗುತ್ತಿದ್ದರು. ಇವತ್ತು ಕ್ಯಾಮೆರಾವನ್ನು ಎರಡೂ ಕೈಯಿಂದ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದರು. ಇದರ ಜೊತೆಗೆ ಇದು ಕಡೆಯ ಪ್ರಯಾಣ ಎಂದುಕೊಂಡಾಗ ಕಣ್ಣು ತುಂಬಿ ಬಂತು. ಅರವತ್ತೇಳು ವರ್ಷದ ಗಂಡಸು ಬಸ್ಸಿನಲ್ಲಿ ಅಳುವುದೇನು ಚೆಂದ ಎಂದು ಕಿಟಕಿಯ ಕಡೆ ಮುಖ ತಿರುವಿದರು.

ಕಾಂತೇಶ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ತಾನು ತೆಗೆದ ಚಿತ್ರಗಳನ್ನು ಹರಡಿಕೊಂಡಿದ್ದ. ನಂದಾ ಜೋಳ ಹಸನು ಮಾಡುವುದು, ಮೊಮ್ಮಗ ಹಾಲು ಕುಡಿಯುವುದು, ಪಕ್ಕದ ಮನೆಯ ಬೆಕ್ಕು. ಎಲ್ಲ ಚಿತ್ರವೂ ನಡುವೆ ಸ್ವಚ್ಛ, ಮೂಲೆಗೆ ಮಂಜು. ಕಲ್ಯಾಣಪ್ಪನವರು ಚಟ್ನಿಯ ಡಬ್ಬಿ ಕೊಡಲೂ ಮರೆತು, ನಿಂತ ಕಾಲಿನಲ್ಲೇ ಎಲ್ಲ ಹೇಳಿದರು. ಚಾದರ ಹೇಗೆ ತಿರುವಿದೆ, ಹೇಗೆ ಕಣ್ಣು ತಪ್ಪಿತು, ಯಾವುದು ನಿಜವಾಗಿ ಒಳ್ಳೆಯದು. ಹೇಳಿ ಮುಗಿಸಿ ಅಪ್ಪನ ಕ್ಯಾಮೆರಾವನ್ನು ಕೊರಳಿಂದ ತೆಗೆದು ತಮ್ಮನ ಮುಂದೆ ಕಟ್ಟೆಯ ಮೇಲಿಟ್ಟು, ಮತ್ತೊಮ್ಮೆ ಆರಿಸು ಎಂದರು.

ಕಾಂತೇಶ ಚಿತ್ರಗಳನ್ನು ಒಂದೊಂದಾಗಿ ಕೂಡಿಸಿ ಕಟ್ಟಿಟ್ಟ. ಆಮೇಲೆ ಅಣ್ಣನನ್ನು ಕೈ ಹಿಡಿದು ಕೂರಿಸಿದ.

"ಅಣ್ಣಾ, ಅದು ನನಗ ಅವತ್ತ ಗೊತ್ತಿತ್ತು. ಕಿಟಕ್ಯಾಗ ಹಿಡದ ನೋಡಿದಾಗ ನೀ ‘ನಂದು’ ಅಂದ ಪಟ್ಟಿದ ನೆಲಾ ಬೆಳ್ಳಗ ಕಂಡಿತು. ನೆಗೆಟಿವದಾಗ ಬೆಳ್ಳಗಂದ್ರ ಅದು ಸುಲಟ. ನಾನೂ ನಲವತ್ತ ವರ್ಷ ಚಾದರಾ ಮಾರೀನಿ."

"ಮತ್ತ ಯಾಕ ಸುಮ್ಮನಾದಿ?"

"ಹೇಳಿದ್ರ ನೀ ಒಂದ ಮಾತ ಆಡದ ಅಪ್ಪಂದ ನನ್ನ ಕೈಯಾಗ ಇಟ್ಟ ಎಸ್.ಟಿ. ಹತ್ತತಿದ್ದಿ. ನಿನ್ನ ಕ್ಯಾಮೆರಾ ಮೇಜಿನ ನಡುವ ಇಟ್ಟಿದ್ದಿ. ಅಪ್ಪಂದೂ ಇಟ್ಟಿದ್ದಿ ಖರೆ, ಅದರ ಕೊರಳಪಟ್ಟಿ ನಿನ್ನ ಮುಂಗೈಗೆ ಸುತ್ತಿಕೊಂಡಿದ್ದಿ. ನಾ ಆರಿಸೂ ಮಟಾ ಬಿಚ್ಚಲಿಲ್ಲ."

ಕಲ್ಯಾಣಪ್ಪನವರಿಗೆ ಅದು ನೆನಪೇ ಇರಲಿಲ್ಲ. ಆದರೂ ಹಟ ಬಿಡಲಿಲ್ಲ. ಅವತ್ತಿನ ಮಾತು ಅವತ್ತಿಗೆ, ಇವತ್ತು ನಿಜ ತಿಳಿದ ಮೇಲೆ ಪಾಲು ಸರಿಯಾಗಲೇಬೇಕು, ತಾನು ಅನ್ಯಾಯದ ವಸ್ತು ಇಟ್ಟುಕೊಳ್ಳಲಾರೆ ಎಂದು ಕ್ಯಾಮೆರಾವನ್ನು ಇನ್ನಷ್ಟು ಮುಂದೆ ಸರಿಸಿದರು. ಕಾಂತೇಶನ ಮುಖದಲ್ಲಿನ ನಗು ಹೋಯಿತು. ಕ್ಯಾಮೆರಾವನ್ನು ಎತ್ತಿ, ಪಟ್ಟಿ ಬಿಡಿಸಿ, ಅಣ್ಣನ ಕೊರಳಿಗೆ ತಾನೇ ಹಾಕಿದ.

"ಆರಿಸೂದು ಸಣ್ಣಾವನ ಹಕ್ಕ. ನಾ ಎಲ್ಲಾ ತಿಳದನ ಆರಿಸೀನಿ. ದೊಡ್ಡಾವ ಅಂತ ಅದನ್ನೂ ಕಸಗೋಬ್ಯಾಡ."

ಕಲ್ಯಾಣಪ್ಪನವರ ಕೈ ಕ್ಯಾಮೆರಾದ ಮೇಲೆ ಹೋಯಿತು. ಸಣ್ಣಂದಿನಿಂದಲೂ ತಮ್ಮನಿಗೆ ಕೊಟ್ಟು ರೂಢಿಯಿದ್ದ ಕೈ ಅದು, ತಮ್ಮನಿಂದ ತೆಗೆದುಕೊಳ್ಳುವುದನ್ನು ಕಲಿತಿರಲಿಲ್ಲ. ಬಸ್ಸಿನಲ್ಲಿ ತಡೆದಿದ್ದ ಕಣ್ಣೀರು ಈಗ ತಡೆಯಲಿಲ್ಲ, ಅವರೂ ತಡೆಯಲು ಹೋಗಲಿಲ್ಲ. ಚಹಾ ತಂದ ನಂದಾ ಇಬ್ಬರನ್ನೂ ನೋಡಿ, ಕಪ್ಪುಗಳನ್ನು ಇಟ್ಟು ಒಳಗೆ ಹೋದಳು. ಅಪ್ಪ ಇದ್ದಾಗಿನಿಂದಲೂ ಆ ಕ್ಯಾಮೆರಾ ಕಲ್ಯಾಣಪ್ಪನವರ ಕೊರಳಲ್ಲೇ ಇತ್ತು, ಆದರೆ ಅದು ಯಾರೂ ಕೊಟ್ಟದ್ದಾಗಿರಲಿಲ್ಲ. ಇವತ್ತು ಕೊಟ್ಟವನು ಪಕ್ಕದಲ್ಲೇ ಕೂತು ಚಹಾ ಆರಿಸಿಕೊಳ್ಳುತ್ತಿದ್ದ.